ಎಸಿಪಿ ಪ್ರದ್ಯುಮನ್ ತೀರಿಕೊಂಡ ರಾತ್ರಿ

ನಮ್ಮ ತಂದೆ ಪೊಲೀಸ್ ಇಲಾಖೆಯ ಸೇವೆಯ ಬಹುಪಾಲನ್ನು ಠಾಣೆಯ ದಾಖಲೆಗಳನ್ನು ಬರೆಯುವ ರೈಟರ್ ಆಗಿ ಕಳೆದು ನಿವೃತ್ತರಾದವರು. ಹಾಗಾಗಿ ಸೋನಿ ವಾಹಿನಿಯ ಪತ್ತೇದಾರಿ ಧಾರಾವಾಹಿ ‘ಸಿಐಡಿ’ ಅವರಿಗೆ ಮನರಂಜನೆಗಿಂತ ಹೆಚ್ಚಾಗಿ ತಪ್ಪು ಹುಡುಕುವ ಕೆಲಸವಾಗಿತ್ತು. 1998ರಲ್ಲಿ ಅದು ಆರಂಭವಾದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅದರಲ್ಲಿನ ವಿಧಿವಿಜ್ಞಾನ ತಜ್ಞ ಡಾ. ಸಾಳುಂಖೆ ನಿಂತ ನಿಲುವಿನಲ್ಲೇ ವಿಷದ ಹೆಸರು ಹೇಳಿದರೆ, ‘ನಮ್ಮ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರುವಷ್ಟರಲ್ಲಿ ತನಿಖಾಧಿಕಾರಿಗೇ ವರ್ಗವಾಗಿರುತ್ತದೆ’ ಎಂದು ಅಪ್ಪ ಗೊಣಗುತ್ತಿದ್ದರು. ಇನ್‌ಸ್ಪೆಕ್ಟರ್ ದಯಾ ಬಾಗಿಲು ಒಡೆದಾಗ ಮಾತ್ರ ಆಕ್ಷೇಪವಿರಲಿಲ್ಲ. ಆ ಪಾತ್ರಧಾರಿ ದಯಾನಂದ ಶೆಟ್ಟಿ ನಮ್ಮ ಕರಾವಳಿ ಮೂಲದವರೆಂಬ ಅಭಿಮಾನವೇ ಅದಕ್ಕೆ ಕಾರಣವೆಂದು ನನ್ನ ಗುಮಾನಿ. ತನಿಖಾ ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮನ್ ದಾರಿ ತಪ್ಪಿದ ಸ್ವಂತ ಮಗನಿಗೇ ಗುಂಡು ಹಾರಿಸಿದ ಹಳೆಯ ಕಂತಿಗೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರೆ, ಅಪ್ಪ ‘ಕಥೆ’ ಎಂದು ಎದ್ದು ಹೋಗಿದ್ದರು.

2018ರಲ್ಲಿ ನಿಂತಿದ್ದ ಧಾರಾವಾಹಿ 2024ರ ಡಿಸೆಂಬರ್‌ನಲ್ಲಿ ಮರಳಿತು. ಮರುವರ್ಷದ ಏಪ್ರಿಲ್‌ನಲ್ಲಿ, ಬಾರ್ಬೋಸಾ ಎಂಬ ಖಳನ ಸಂಚಿನಿಂದಾದ ಸ್ಫೋಟದಲ್ಲಿ ಎಸಿಪಿ ಮಡಿಯುವ ಕಂತನ್ನು ನಾವಿಬ್ಬರೇ ಕುಳಿತು ನೋಡಿದೆವು. ಅಮ್ಮ ಈಗಿಲ್ಲ. ಅಪ್ಪ ಮೊರದಲ್ಲಿ ಹುರಿದ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಎಸಿಪಿ ಪಾತ್ರಧಾರಿ ಶಿವಾಜಿ ಸಾಟಂ ಅವರ ಆ ಪರಿಚಿತ ಮುಖ ಇನ್ನು ಕಾಣದೆಂಬುದು ಸ್ಪಷ್ಟವಾದಾಗ ಸುಲಿಯುವ ಸದ್ದು ನಿಂತಿತು.

‘ಶವ ಪಂಚನಾಮೆ ಯಾರು ಬರೆದಿರಬಹುದು?’ ಎಂದರು. ಎಂದಿನ ಕುಹಕವೆಂದುಕೊಂಡು ನಾನು ನಕ್ಕೆ, ಅವರು ನಗಲಿಲ್ಲ.

ತಮಗೆ ಮಹಜರು ಬರೆಯುವುದನ್ನು ಕಲಿಸಿದ ಸಬ್‌ಇನ್‌ಸ್ಪೆಕ್ಟರ್ ಒಬ್ಬರು ಜೀಪು ಮಗುಚಿ ತೀರಿಕೊಂಡ ಸಂಗತಿಯನ್ನು ಅಪ್ಪ ಆ ರಾತ್ರಿ ಮೊದಲ ಬಾರಿಗೆ ಹೇಳಿದರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನ ಪ್ರಕಾರ ಪಂಚರ ಸಮಕ್ಷಮ ದೇಹದ ಮೇಲಿನ ಒಂದೊಂದು ಗಾಯವನ್ನೂ ಗುರುತಿಸಿ ಬರೆಯಬೇಕಿತ್ತು. ಹೇಳಿ ಬರೆಸುತ್ತಿದ್ದವರು ಬೇರೆ ಠಾಣೆಯಿಂದ ಬಂದ ಅಧಿಕಾರಿ, ಬರೆಯುವ ಕೈ ಅಪ್ಪನದು. ಅದುವರೆಗೆ ‘ಸಾಹೇಬರು’ ಎಂದು ಕರೆಯುತ್ತಿದ್ದವರನ್ನು ಪುಟದುದ್ದಕ್ಕೂ ‘ಮೃತನು’ ಎಂದು ಬರೆಯಬೇಕಾಯಿತು. ಅಂಗಿಯ ಜೇಬಿನಲ್ಲಿ ಒಂದು ಪೆನ್ನು ಸಿಕ್ಕಿತು. ಹಿಂದಿನ ಸಂಜೆ ಸಹಿ ಮಾಡಲೆಂದು ಅವರು ತೆಗೆದುಕೊಂಡು ಮರಳಿಸಲು ಮರೆತಿದ್ದ, ಅಪ್ಪನದೇ ಪೆನ್ನು.

‘ಏನೆಂದು ಬರೆದಿರಿ?’ ಎಂದು ಕೇಳಿದೆ.

‘ಮುಚ್ಚಳ ಸಡಿಲವಾದ ನೀಲಿ ಪೆನ್ನು, ಒಂದು.’

ಟೀವಿಯಲ್ಲಿ ಆಗಲೇ ಜಾಹೀರಾತು ಬಂದಿತ್ತು. ಧಾರಾವಾಹಿಯವರು ಆ ಸಾವನ್ನು ಹಿನ್ನೆಲೆ ಸಂಗೀತ ಸುರಿದು ಅಗತ್ಯಕ್ಕಿಂತ ಹೆಚ್ಚು ಎಳೆದರೆಂದೇ ನನ್ನ ಅಭಿಪ್ರಾಯ. ಆದರೆ ಅಪ್ಪನ ಮುಂದೆ ಅದನ್ನು ಹೇಳುವ ಧೈರ್ಯವಾಗಲಿಲ್ಲ. ಅವರು ಸಿಪ್ಪೆಯನ್ನೆಲ್ಲ ಮೊರದ ಒಂದು ಮೂಲೆಗೆ ಸರಿಸಿ, ಕಾಳುಗಳನ್ನು ನನ್ನ ಕಡೆ ತಳ್ಳಿ ಮಲಗಲು ಹೋದರು.

ಮುಂದೆ ಎಸಿಪಿ ಪಾತ್ರ ಧಾರಾವಾಹಿಗೆ ಮರಳಿ ಬಂದಿತು. ಸುದ್ದಿಯನ್ನು ಉತ್ಸಾಹದಿಂದಲೇ ಅಪ್ಪನಿಗೆ ತಿಳಿಸಿದೆ. ಪತ್ರಿಕೆಯಿಂದ ಕಣ್ಣೆತ್ತದೆ, ‘ಹಾಗಾದರೆ ಆ ಪಂಚನಾಮೆ ಬರೆದವನನ್ನು ಮೊದಲು ಅಮಾನತು ಮಾಡಬೇಕು’ ಎಂದರು.