ಹತ್ತನೇ ಭಾನುವಾರ

ಜುಲೈ 20, 2025. ಭಾನುವಾರ ರಾತ್ರಿ. ವಿನೋಬನಗರ, ಶಿವಮೊಗ್ಗ.

ಇವತ್ತೂ ಆಟ ಆಗಲಿಲ್ಲ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ನಮ್ಮ ಆಟ.

ಪತ್ರೊಡೆ ಮಾಡಿದ್ದೆ, ಆರು ಜನಕ್ಕೆ ಆಗುವಷ್ಟು. ನಿನ್ನೆ ಊರಿಂದ ಬರುವಾಗ ಮಾವ ಕೆಸುವಿನ ಎಲೆ ತಂದಿದ್ದರು. ಬೆಳಿಗ್ಗೆ ಬೇಗ ಎದ್ದು ಹಿಟ್ಟು ಹಚ್ಚಿ, ಸುತ್ತಿ, ಬೇಯಲು ಇಟ್ಟೆ. ಮೇಜು ಒರೆಸಿ ಕೋಟೆಯ ನಕ್ಷೆ ಹಾಸಿದೆ. ಏಳು ದಾಳಗಳನ್ನೂ ಸಾಲಾಗಿ ಇಟ್ಟೆ. 9 ಗಂಟೆ 20ಕ್ಕೆ ತೀರ್ಥಹಳ್ಳಿಯಿಂದ ಮೆಸೇಜ್ ಬಂತು. ಆಟದಲ್ಲಿ ಕಳ್ಳನ ಪಾತ್ರ ಮಾಡುವವನದು. ‘ಅಕ್ಕ, ಮಳೆ ನಿಂತು ಹೊಳವಾಗಿದೆ. ಕೊನೆಗೌಡ ಬಂದಿದಾನೆ. ಇವತ್ತು ಔಷಧಿ ಹೊಡೀಲಿಲ್ಲ ಅಂದ್ರೆ ತೋಟದ ಕಥೆ ಮುಗೀತು.’

ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು. ನಮ್ಮ ಕಳ್ಳನ ಮೇಲೆ ಸಿಟ್ಟು ಮಾಡೋ ಹಾಗಿಲ್ಲ. ಕೊಳೆ ರೋಗ ತಡೆಯೋ ಬೋರ್ಡೋ ದ್ರಾವಣ ಮೊದಲ ಸಲ ಹೊಡೆದು 40 ದಿನ ದಾಟಿದೆ. ಹೊಡೆದ ಮೇಲೆ ಗೊನೆ ಮೇಲಿನ ಔಷಧಿ ಒಣಗುವವರೆಗಾದರೂ ಮಳೆ ಬಿಡುವು ಕೊಡಬೇಕು. ವಾರದಿಂದ ಸುರಿದಿದ್ದು ಇವತ್ತು ನಿಂತಿದೆ. ಕೊಳೆ ಬಂದರೆ ಕಾಯಿ ಉದುರೋದನ್ನು ನೋಡ್ತಾ ನಿಲ್ಲಬೇಕು, ಅಷ್ಟೇ. ಅವನಿಗೆ ಇವತ್ತು ತೋಟ ಬಿಟ್ಟು ಬಾ ಅಂತ ನಾನು ಹೇಗೆ ಹೇಳಲಿ?

ಹತ್ತು ನಿಮಿಷದ ನಂತರ ಸಾಗರದಿಂದ. ಆಟದಲ್ಲಿ ನಮ್ಮ ಬಿಲ್ಲುಗಾರ. ‘ನನ್ನನ್ನ ಇನ್ಮೇಲೆ ಲೆಕ್ಕಕ್ಕೆ ಹಿಡೀಬೇಡಿ. ನನ್ನಿಂದ ನಿಮ್ಮೆಲ್ಲರ ಭಾನುವಾರ ಹಾಳಾಗ್ತಿದೆ.’

ಅದನ್ನು ಎಷ್ಟು ಸಲ ಓದಿದೆನೋ. ಓದಿ, ಗುಂಪಿಗೆ ಬರೆದೆ: ‘ಹಾಗಾದ್ರೆ ಇವತ್ತು ಬೇಡ. ಮುಂದಿನ ವಾರ ನೋಡೋಣ.’

ನಾವು ಕಡೆಯ ಸಲ ಆಡಿದ್ದು ಮೇ 11ಕ್ಕೆ. ಇದು ಹತ್ತನೇ ಭಾನುವಾರ. ಮೇ ಪೂರ್ತಿ ಮದುವೆಗಳು. ಜೂನ್‌ನಲ್ಲಿ ಸ್ಕೂಲು ಕಾಲೇಜು ಶುರು, ನನ್ನದೂ ಸೇರಿ. ಆಮೇಲೆ ಭದ್ರಾವತಿಯ ನರ್ಸ್ ಅಕ್ಕನ ನೈಟ್ ಡ್ಯೂಟಿ. ದುರ್ಗಿಗುಡಿಯವಳ ಮಗನಿಗೆ ಜ್ವರ. ಬೆಂಗಳೂರಿನವನಿಗೆ ಕೆಲಸ. ಗುಂಪಿನಲ್ಲಿ ಪೋಲ್ ಹಾಕಿದರೆ ಮೂರು ದಿನಕ್ಕೆ ಇಬ್ಬರು ಒತ್ತುತ್ತಾರೆ. ಉಳಿದವರದು ‘ನೋಡ್ತೀನಿ’. ಬೇಕಂತಲೇ ಯಾರೂ ತಪ್ಪಿಸಿಕೊಳ್ಳುತ್ತಿಲ್ಲ, ನನಗೆ ಗೊತ್ತು. ಎಲ್ಲರಿಗೂ ಆಡೋ ಆಸೆ ಇದೆ. ಅದಕ್ಕೇ ಇಷ್ಟು ಬೇಜಾರು.

ಕಥೆ ಎಲ್ಲಿ ನಿಂತಿದೆ ಅಂತ ನಿಮಗೆ ನೆನಪಿದೆಯಲ್ಲ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದನ್ನು ಮನಸ್ಸಲ್ಲಿಟ್ಟುಕೊಂಡು ಕಟ್ಟಿದ ಕಥೆ. ಹೆಸರು ಬೇರೆ, ಲೋಕ ಬೇರೆ. ಕೋಟೆ ಮಾತ್ರ ನಾನು ಹತ್ತಿ ಇಳಿದ ಕವಲೇದುರ್ಗವೇ. ಐವರೂ ಸೇರಿ ವೇಷ ಮರೆಸಿದ ರಾಜಕುಮಾರನನ್ನು ಮಳೆಯಲ್ಲಿ ಮೂರನೇ ಬಾಗಿಲವರೆಗೆ ತಂದಿದ್ದಾರೆ. ಕಾವಲುಗಾರ ದೊಂದಿ ಎತ್ತಿ ‘ಯಾರು ನೀವು?’ ಅಂದ. ಅಷ್ಟಕ್ಕೆ ನಿಲ್ಲಿಸಿದ್ದೆ. ಅಲ್ಲಿ ನಿಲ್ಲಿಸಿದರೆ ಮುಂದಿನ ಸಲ ಎಲ್ಲರೂ ಓಡಿ ಬರುತ್ತಾರೆ ಅಂದುಕೊಂಡಿದ್ದೆ.

ಮಧ್ಯಾಹ್ನ ಮಾವ ಪತ್ರೊಡೆ ತಿನ್ನುತ್ತಾ ಕೂತಿದ್ದರು. ನಾಳೆ ಅವರ ಕಣ್ಣು ತೋರಿಸಬೇಕು. 20 ಮುಖದ ದಾಳ ಎತ್ತಿ ಬೆಳಕಿಗೆ ಹಿಡಿದರು.

‘ಇದೆಂಥದೇ ಮಾರಾಯ್ತಿ? ಪಗಡೆಯಾ?’

ಪಗಡೆ ಅಲ್ಲ ಅಂದೆ. ಒಬ್ಬೊಬ್ಬರೂ ಒಂದೊಂದು ಪಾತ್ರ. ವೇಷ ಗೀಷ ಏನಿಲ್ಲ, ಸುಮ್ನೆ ಮೇಜಿನ ಸುತ್ತ ಕೂರೋದು. ಎದುರಿಗೆ ಏನಿದೆ, ಯಾರು ಬಂದರು ಅಂತ ನಾನು ಹೇಳ್ತೀನಿ. ಅವರು ಆ ಪಾತ್ರವಾಗಿ ಮಾತಾಡ್ತಾರೆ. ಮಾತು ಯಾರೂ ಬರೆದುಕೊಂಡು ಬಂದಿರಲ್ಲ. ಆಗುತ್ತೋ ಇಲ್ಲವೋ ಅನ್ನೋ ಕಡೆ ದಾಳ ಹಾಕ್ತೀವಿ.

ಮಾವ ಕೈ ಒರೆಸಿಕೊಂಡರು. ‘ತಾಳಮದ್ದಳೆ ಅನ್ನು.’

ನಾನು ಸುಮ್ಮನಾದೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡ್ತಾರೆ, ಪಾತ್ರಧಾರಿಗಳು ಕೂತಲ್ಲೇ ಮಾತು ಕಟ್ಟಿ ಹೇಳ್ತಾರೆ. ಆ ಮಾತಿಗೇ ಅರ್ಥ ಅನ್ನೋದು. ಚಿಕ್ಕವಳಿದ್ದಾಗ ದೇವಸ್ಥಾನದ ಚಾಪೆ ಮೇಲೆ, ಮದ್ದಳೆ ಸದ್ದು ಕೇಳ್ತಾ, ಇದೇ ಮಾವನ ಅರ್ಥ ಕೇಳ್ತಾ ನಿದ್ದೆ ಹೋದವಳು ನಾನು. ಎಂಟು ವರ್ಷದಿಂದ ಈ ಆಟ ನಡೆಸ್ತಿದೀನಿ. ಎರಡನ್ನೂ ಒಂದು ಸಲವೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

‘ನೀನು ಭಾಗವತ. ಪದ್ಯ ಎತ್ತಿ ಕೊಡೋಳು ನೀನು. ಅರ್ಥ ಹೇಳೋರು ಅವರು. ಅಷ್ಟೇ ಅಲ್ವನೇ?’

‘ಆದ್ರೆ ಮಾವ, ನಿಮ್ಮಲ್ಲಿ ಕೊನೆ ಮೊದಲೇ ಗೊತ್ತಿರುತ್ತೆ. ವಾಲಿ ಸಾಯಲೇಬೇಕು. ನಮ್ಮಲ್ಲಿ ಹಾಗಿಲ್ಲ.’

‘ಸಾಯಲೇಬೇಕು, ಹೌದು. ರಾಮನ ಬಾಯಿ ಕಟ್ಟಿಸಿ ಸಾಯಬಹುದಲ್ಲ!’ ಅಂತ ನಕ್ಕರು. ಯಾವುದೋ ಹಳೇ ರಾತ್ರಿ ನೆನಪಾಗಿರಬೇಕು, ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡ್ತಾ ಇದ್ದರು. ಆಮೇಲೆ, ‘ಇದನ್ನ ನಿಮಗೆ ಯಾರು ಕಲಿಸಿದ್ರು?’

ಇಂಥ ಆಟಗಳಿಗೆಲ್ಲ ಮೂಲವಾದ ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಥೆ ಹೇಳಿದೆ. ಅಮೆರಿಕದಲ್ಲಿ ಮೇಜಿನ ಮೇಲೆ ಸೈನ್ಯದ ಗೊಂಬೆ ಜೋಡಿಸಿ ಯುದ್ಧದ ಆಟ ಆಡುತ್ತಿದ್ದವರು, ಸೈನ್ಯ ಬಿಟ್ಟು ಒಬ್ಬೊಬ್ಬರೂ ಒಬ್ಬೊಬ್ಬ ಮನುಷ್ಯ ಆಗೋಕೆ ಶುರು ಮಾಡಿದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಅದನ್ನು ಪುಸ್ತಕ ಮಾಡಿ ತಂದಿದ್ದು. ಮಾವ ಗಮನ ಇಟ್ಟು ಕೇಳಿದರು. ‘74ರಲ್ಲಿ ನಾನು ಮೊದಲ ಸಲ ಅಂಗದನ ಅರ್ಥ ಹೇಳಿದ್ದು’ ಅಂದರು. ಆ ಎರಡು ಮಾತು ಒಟ್ಟಿಗೆ ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳೋಕಾಗಲ್ಲ.

‘ನೀವೆಲ್ಲ ಹೇಗೆ ಸೇರ್ತಿದ್ರಿ ಮಾವ? ಆಗ ಫೋನೂ ಇರ್ಲಿಲ್ಲ.’

‘ಸೇರೋದೆಂತ. ಶನಿವಾರ. ದೇವಸ್ಥಾನದಲ್ಲಿ ದೀಪ ಹಚ್ಚಿದ್ಮೇಲೆ. ನೆಟ್ಟಿ ಮುಗಿದ್ರೆ ಶುರು, ನವರಾತ್ರಿವರೆಗೆ. ಮಳೆಗಾಲದಲ್ಲಿ ಆಟದ ಮೇಳಗಳೂ ಇರಲ್ಲ, ರಾತ್ರಿ ಮಾಡೋ ಕೆಲಸವೂ ಇಲ್ಲ.’

‘ಯಾರೂ ಬರ್ಲಿಲ್ಲ ಅಂದ್ರೆ?’

‘ಯಾರೂ ಬರದೆ ಇದ್ದ ಶನಿವಾರ ನಂಗೆ ನೆನಪಿಲ್ಲ. ಎಲ್ಲರೂ ಬಂದಿದ್ದೂ ನೆನಪಿಲ್ಲ. ಬಂದವರ ಮುಖ ನೋಡಿ ಪ್ರಸಂಗ ಇಡೋದು. ಜನ ಜಾಸ್ತಿ ಆದ್ರೆ ಕೃಷ್ಣ ಸಂಧಾನ. ಹಳ್ಳ ತುಂಬಿ ಆಚೆ ಕೇರಿಯವರು ಬರ್ಲಿಲ್ಲ ಅಂತಾದ್ರೆ ಶರಸೇತು. ಅರ್ಜುನ ಒಬ್ಬ, ಹನುಮಂತ ಒಬ್ಬ, ಜಗಳ ಬಿಡಿಸೋಕೆ ಕೃಷ್ಣ ಒಬ್ಬ. ಬೆಳಗಿನವರೆಗೂ ಮಾತಾಡ್ಬಹುದು.’ ಇನ್ನೊಂದು ಪತ್ರೊಡೆ ಹಾಕಿಸಿಕೊಂಡು ಕೇಳಿದರು. ‘ಇವತ್ತು ನಿಮ್ಮಲ್ಲಿ ಎಷ್ಟು ಜನ ಬರ್ತಿದ್ರು?’

‘ಮೂರು.’

‘ಮತ್ತೆ ಯಾಕೆ ಬೇಡ ಅಂದೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನವನು ಇವತ್ತಿಗಾಗಿಯೇ ಶನಿವಾರ ರೈಲು ಹತ್ತಿ ಬಂದಿದ್ದ. ಸಂಜೆ ಮತ್ತೆ ರೈಲು ಹತ್ತಿ ಹೋದ. ‘ಪರವಾಗಿಲ್ಲ ಬಿಡಿ ಅಕ್ಕ, ಅಮ್ಮನ ಜೊತೆ ಇದ್ದ ಹಾಗಾಯ್ತು’ ಅಂದ. ನರ್ಸ್ ಅಕ್ಕ ಒಂದು ಡ್ಯೂಟಿ ಅದಲುಬದಲು ಮಾಡಿಕೊಂಡಿದ್ದರು. ದುರ್ಗಿಗುಡಿಯವಳು ಮಗನನ್ನು ಅತ್ತೆ ಹತ್ತಿರ ಬಿಟ್ಟು ಬರೋಕೆ ತಯಾರಾಗಿದ್ದಳು. ಮೂವರೂ ತಮ್ಮ ತಮ್ಮ ಹಳ್ಳ ದಾಟಿ ಬಂದು ನಿಂತಿದ್ದರು. ಬಾಗಿಲು ಹಾಕಿದ್ದು ನಾನು.

ಈಗ ಕೂತು ಲೆಕ್ಕ ಹಾಕಿದೆ. ತರಗತಿಯಲ್ಲಿ ಹುಡುಗರಿಗೆ ಕಲಿಸೋ ಲೆಕ್ಕವೇ. ಒಬ್ಬೊಬ್ಬರಿಗೂ ನಾಲ್ಕರಲ್ಲಿ ಮೂರು ಭಾನುವಾರ ಬಿಡುವು ಸಿಗುತ್ತೆ ಅಂತ ಇಟ್ಟುಕೊಳ್ಳೋಣ. ನಮ್ಮ ವಯಸ್ಸಿಗೆ ಅದು ತುಂಬಾ ಜಾಸ್ತಿಯೇ. ಆದರೂ ಐವರೂ ಒಂದೇ ದಿನ ಸಿಗುವ ಸಂಭವ 1024ರಲ್ಲಿ 243. ನೂರು ಭಾನುವಾರ ಕಾದರೆ 24 ಸಿಗಬಹುದು. ಅದೇ, ಐವರಲ್ಲಿ ಯಾರಾದರೂ ಮೂವರು ಸಾಕು ಅಂದರೆ ಸುಮಾರು 90. ಬಿಡುವು ಅಷ್ಟೇ, ಜನ ಅವರೇ. ಬದಲಾಗಿದ್ದು ನಾನು ಕೇಳೋ ಪ್ರಶ್ನೆ. ಹತ್ತು ವಾರದಿಂದ ನಾನು ಮೊದಲನೇ ಪ್ರಶ್ನೆಯನ್ನೇ ಕೇಳ್ತಾ ಇದ್ದೀನಿ. ಮೇ ತಿಂಗಳ ಮದುವೆ, ಹಬ್ಬ, ಜಾತ್ರೆ ಎಲ್ಲರಿಗೂ ಒಟ್ಟಿಗೇ ಬರೋದರಿಂದ ನಿಜವಾದ ಲೆಕ್ಕ ಇಷ್ಟು ಸರಳ ಇಲ್ಲ. ಆದರೂ 24 ಎಲ್ಲಿ, 90 ಎಲ್ಲಿ.

ಬೆನ್ ರಾಬಿನ್ಸ್ ಅನ್ನೋರು ನಡೆಸಿದ ಆಟದ ಬಗ್ಗೆ ವರ್ಷಗಳ ಹಿಂದೆಯೇ ಓದಿದ್ದೆ. ನಿಗದಿ ದಿನ ಇಲ್ಲ, ಖಾಯಂ ತಂಡ ಇಲ್ಲ. ಯಾವಾಗ ಆಡೋದು, ಎಲ್ಲಿಗೆ ಹೋಗೋದು ಅಂತ ಆಟಗಾರರೇ ಗೊತ್ತು ಮಾಡಬೇಕು. ಪ್ರತಿ ಸಲ ಊರಿಂದ ಹೊರಟು, ಅವತ್ತೇ ಊರಿಗೆ ವಾಪಸ್ ಬಂದು ಮುಗಿಸಬೇಕು. ಆ ಕಡೆಯ ನಿಯಮದ ಬೆಲೆ ನನಗೆ ಇವತ್ತು ತಿಳಿಯಿತು. ಊರಿಗೆ ಬಂದು ಮುಗಿಸಿದರೆ, ಮುಂದಿನ ಸಲ ಬೇರೆ ಮೂವರು ಹೊರಡಬಹುದು. ನಾನು ಯಾವಾಗಲೂ ಬಾಗಿಲ ಮಧ್ಯೆ ನಿಲ್ಲಿಸ್ತೀನಿ. ಹಾಗೆ ನಿಲ್ಲಿಸಿದರೆ ಅದೇ ಐವರು ಬರಲೇಬೇಕು. ಒಬ್ಬರು ತಪ್ಪಿದರೂ ಉಳಿದ ನಾಲ್ವರೂ ಮಳೆಯಲ್ಲೇ.

ಮಳೆ ಮತ್ತೆ ಹಿಡಿಯಿತು. ತೀರ್ಥಹಳ್ಳಿಯಲ್ಲಿ ಅಷ್ಟರೊಳಗೆ ಔಷಧಿ ಒಣಗಿರಲಿ, ದೇವರೇ.

ಆದರೆ ಮೂವರು ಸಾಕು ಅಂದುಬಿಟ್ಟರೆ ಬಿಲ್ಲುಗಾರನ ಗತಿ ಏನು? ಇದನ್ನು ಮಾವನಿಗೂ ಕೇಳಿದೆ. ಅವನ ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿ ಸಲ ನಾಲ್ಕು ಗಂಟೆ ಪಕ್ಕದಲ್ಲಿ ಕೂರಬೇಕು. ಉಳಿದ ದಿನ ಅಂಗಡಿ. ಭಾನುವಾರ ಒಂದು ದಿನ ಮಲಗೋದು. ‘ಲೆಕ್ಕಕ್ಕೆ ಹಿಡೀಬೇಡಿ’ ಅಂದವನನ್ನು ಬಿಟ್ಟು ಆಡಿದರೆ ಅವನು ಹೋದ ಹಾಗೇ ಅಲ್ವಾ?

ಮಾವ ತಟ್ಟೆ ಪಕ್ಕಕ್ಕಿಟ್ಟು ಹೇಳಿದ್ದು ಇದು. ಅವರ ಕೂಟದಲ್ಲಿ ಭೀಷ್ಮನ ಅರ್ಥ ಹೇಳೋರು ಒಬ್ಬರಿದ್ದರಂತೆ. ಅವರ ಹೆಂಡತಿ ಹಾಸಿಗೆ ಹಿಡಿದರು. ಎರಡು ಮಳೆಗಾಲ ಅವರು ಕೂಟಕ್ಕೆ ಬರಲಿಲ್ಲ.

‘ಶನಿವಾರ ಒಂದೂ ನಿಲ್ಲಲಿಲ್ಲ. ಆದ್ರೆ ಆ ಎರಡು ವರ್ಷ ನಾವು ಭೀಷ್ಮ ವಿಜಯ ಇಡ್ಲಿಲ್ಲ. ಬೇರೆಯವರು ಹೇಳಬಹುದಿತ್ತು. ನಾನೇ ಹೇಳಬಹುದಿತ್ತು. ಇಡ್ಲಿಲ್ಲ.’

‘ನಿಮಗೋಸ್ಕರ ಇಟ್ಕೊಂಡಿದೀವಿ ಅಂತ ಅವರಿಗೆ ಹೇಳಿದ್ರಾ?’

‘ಹೇಳೋದೆಂತ ಅದನ್ನ. ಶನಿವಾರ ಹೋಗೋವಾಗ ಯಾರಾದ್ರೊಬ್ರು ಅವರ ಅಂಗಳದ ಮೇಲೆ ಹಾದು ಹೋಗ್ತಿದ್ವಿ. ಇವತ್ತು ಇಂಥ ಪ್ರಸಂಗ ಅಂತ ಹೇಳೋದು. ಬನ್ನಿ ಅಂತ ಕರೆಯೋಕಲ್ಲ. ಸುಮ್ನೆ ಹೇಳಿ ಹೋಗೋದು. ಅವರು ಜಗಲಿ ಮೇಲೆ ಕೂತು ಹೂಂ ಅನ್ನೋರು.’

ಇಷ್ಟು ಹೇಳಿ ಮಾವ ಮಲಗೋಕೆ ಹೋದರು.

ಸಂಜೆ ಸಾಗರಕ್ಕೆ ಫೋನ್ ಮಾಡಿದೆ. ಮೆಸೇಜ್ ಬೇಡ ಅನ್ನಿಸಿತು. ಅಪ್ಪ ಮಲಗಿದ್ದರಂತೆ, ಅವನು ಸಣ್ಣ ದನಿಯಲ್ಲಿ ಮಾತಾಡಿದ. ನಾನು ಯಾವಾಗ ಬರ್ತೀಯಾ ಅಂತ ಕೇಳಲಿಲ್ಲ. ಅಪ್ಪನ ಬಗ್ಗೆ ಕೇಳಿದೆ. ಇವತ್ತು ಆಟ ಆಗಲಿಲ್ಲ, ಅದು ನಿನ್ನಿಂದ ಅಲ್ಲ, ಬೇಡ ಅಂದವಳು ನಾನು ಅಂದೆ. ಕಾವಲುಗಾರ ಇನ್ನೂ ದೊಂದಿ ಹಿಡಿದು ಅಲ್ಲೇ ನಿಂತಿದಾನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಆಮೇಲೆ ಕೇಳಿದ. ‘ಅಕ್ಕ, ಅವನ ಎಡಗೈಯಲ್ಲಿ ಉಂಗುರ ಇದೆ ಅಂದಿದ್ರಿ ನೀವು. ಕಾವಲುಗಾರನಿಗೆ ಎಲ್ಲಿಂದ ಬಂತು ಉಂಗುರ?’

ನಾನು ಹಾಗಂದಿದ್ದು ನನಗೇ ನೆನಪಿಲ್ಲ. ಮೇ 11ರ ಟಿಪ್ಪಣಿ ತೆಗೆದು ನೋಡಿದೆ, ಅದರಲ್ಲೂ ಇಲ್ಲ. ಬಾಯಿಗೆ ಬಂದಿದ್ದು ಹೇಳಿರಬೇಕು. ಅವನು ಆ ಉಂಗುರ ಹಿಡಿದುಕೊಂಡು ಹತ್ತು ವಾರ ಡಯಾಲಿಸಿಸ್ ಮೆಷಿನ್ ಪಕ್ಕ ಕೂತಿದ್ದ. ರಾಣಿ ಕೊಟ್ಟಿದ್ದಾ, ಕದ್ದಿದ್ದಾ, ಹೆಣದ ಕೈಯಿಂದ ಬಿಚ್ಚಿದ್ದಾ ಅಂತ ಮೂರು ಊಹೆ ಹೇಳಿದ. ಮೂರೂ ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿವೆ. ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ.

ಮೂರನೇ ಬಾಗಿಲು ಅವನಿಗೆ. ಅದನ್ನು ಮುಟ್ಟಲ್ಲ. ಎರಡು ಮಳೆಗಾಲ ಆದರೂ ಆಗಲಿ.

ಗುಂಪಿಗೆ ಈಗ ಬರೆದೆ. ‘27, ಭಾನುವಾರ, ಬೆಳಿಗ್ಗೆ 10. ಇನ್ಮೇಲೆ ಪ್ರತಿ ಭಾನುವಾರವೂ. ಪೋಲ್ ಇಲ್ಲ. ಬಂದವರದ್ದು ಕಥೆ.’ ಶ್ರಾವಣದ ಮೊದಲ ಭಾನುವಾರ ಅದು. ನರ್ಸ್ ಅಕ್ಕ ಇನ್ನೂ ಎಚ್ಚರ ಇದ್ದರು, ‘ನಾನು ಬರ್ತೀನಿ, ಮಧ್ಯಾಹ್ನ 1ಕ್ಕೆ ಹೊರಡ್ಬೇಕು’ ಅಂದರು. 1ಕ್ಕೆ ಅಂದರೆ ಮೂರು ಗಂಟೆ ಸಮಯ. ಒಂದು ಸಣ್ಣ ಕಥೆಗೆ ಬೇಕಾದಷ್ಟಾಯಿತು.

ಕರೆಂಟ್ ಹೋಯಿತು. ಮೊಬೈಲಲ್ಲಿ ಬರೀತಿದೀನಿ, 9 ಪರ್ಸೆಂಟ್ ಇದೆ.

ಇಬ್ಬರೋ ಮೂವರೋ ಬಂದರೆ ಆಗುವಂಥ ಕಥೆ ಬೇಕು. ಕೋಟೆಯ ಒಳಗಿನದು. ಬಾಗಿಲಿಗೆ ಇವರೆಲ್ಲ ಬರುವುದಕ್ಕೂ ಮುಂಚಿನದು. ಕಾವಲುಗಾರನಿಗೆ ಒಬ್ಬಳು ಹೆಂಡತಿ ಇರಲಿ. ಅವತ್ತು ಸಂಜೆ ಕೆರೆ ಹತ್ತಿರ ಬಟ್ಟೆ ಹಿಂಡುವಾಗ ಅವಳಿಗೆ ಕೆಸರಲ್ಲಿ ಏನೋ ಹೊಳೆದದ್ದು ಕಾಣುತ್ತೆ. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು