ಬೆಡ್‌ಶೀಟಿನ ಹಿಂದೆ

ಜೂನ್ 14, 2025, ಶನಿವಾರ

ಸಂಜೆ ಮಳೆ ಹನಿಯಿತು ಅಂತ ಟೆರೇಸಿಗೆ ಓಡಿದೆ. ಗಾಳಿಗೆ ಬೆಡ್‌ಶೀಟು ಬಂದು ಮುಖಕ್ಕೇ ಸುತ್ತಿಕೊಂಡಿತು. ಮಧ್ಯಾಹ್ನ ಓದಿದ್ದು ನೆನಪಾಗಿ ಒಬ್ಬಳೇ ನಕ್ಕೆ.

ಓದುತ್ತಿರುವುದು ರೆಬೆಕ್ಕಾ ಸಾಲ್ನಿಟ್ ಅವರ ‘ಮೆನ್ ಎಕ್ಸ್‌ಪ್ಲೇನ್ ಥಿಂಗ್ಸ್ ಟು ಮಿ’, 2014ರ ಪ್ರಬಂಧ ಸಂಕಲನ. ಸ್ತ್ರೀವಾದ ಅಂದರೆ ಬರೀ ವಾದ ಇರುತ್ತೆ ಅಂತ ಇಷ್ಟು ದಿನ ಮುಟ್ಟಿರಲಿಲ್ಲ. ತೆರೆದರೆ ಕತೆ! ಅಮೆರಿಕದ ಆಸ್ಪೆನ್ ಹತ್ತಿರ ಒಂದು ಪಾರ್ಟಿ. ಮನೆ ಯಜಮಾನ ಮೈಬ್ರಿಜ್ ಎಂಬ ಛಾಯಾಗ್ರಾಹಕನ ಬಗ್ಗೆ ಬಂದ ದೊಡ್ಡ ಪುಸ್ತಕದ ಕುರಿತು ಲೇಖಕಿಗೆ ಪಾಠ ಮಾಡುತ್ತಾನೆ. ಅದನ್ನು ಬರೆದವಳು ಇವಳೇ ಅಂತ ಜೊತೆಗಿದ್ದ ಗೆಳತಿ ಮೂರ್ನಾಲ್ಕು ಸಲ ಹೇಳಬೇಕಾಯಿತು. ಅವನು ಓದಿದ್ದೂ ವಿಮರ್ಶೆ ಮಾತ್ರ. ನಮ್ಮ ಮದುವೆಮನೆಗಳಲ್ಲಿ ಇಂಥವರು ಪಂಕ್ತಿಗೊಬ್ಬರು ಸಿಗುತ್ತಾರೆ ಬಿಡಿ.

ಅದೇ ಪ್ರಬಂಧದಲ್ಲಿ ಒಬ್ಬ ವಿಜ್ಞಾನಿ ತಮಾಷೆ ಅಂತ ಹೇಳುವ ಸಂಗತಿ ಇದೆ. ಗಂಡ ಕೊಲ್ಲುತ್ತಿದ್ದಾನೆ ಅಂತ ಕಿರುಚುತ್ತಾ ನೆರೆಮನೆಯಾಕೆ ನಡುರಾತ್ರಿ ಬಟ್ಟೆಯಿಲ್ಲದೆ ಹೊರಗೆ ಓಡಿಬಂದಳಂತೆ. ಅವನು ಕೊಲ್ಲುತ್ತಿರಲಿಲ್ಲ ಅಂತ ಹೇಗೆ ಗೊತ್ತು ಅಂತ ಲೇಖಕಿ ಕೇಳುತ್ತಾರೆ. ಅವರು ಮರ್ಯಾದಸ್ಥ ಜನ, ಅದಕ್ಕೆ ಅಂತ ವಿಜ್ಞಾನಿಯ ಉತ್ತರ. ನನ್ನ ನಗು ಅಲ್ಲೇ ನಿಂತಿತು. ಪಾರ್ಟಿಯಲ್ಲಿ ಕೇಳಿಸದ ಮಾತು, ಇಲ್ಲಿ ನಂಬದ ಮಾತು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ ಅಷ್ಟೇ. ಬೈಗುಳವಿಲ್ಲ.

ಹಿಂಸೆಯ ಕುರಿತ ಪ್ರಬಂಧದಲ್ಲಿ ಅಂಕಿಅಂಶ ಜಾಸ್ತಿ. ಬೇಕಾದದ್ದೇ, ಆದರೂ ನನಗೆ ದಣಿವಾಯಿತು.

ನನಗೆ ಇಷ್ಟವಾದದ್ದು ‘ಗ್ರ್ಯಾಂಡ್‌ಮದರ್ ಸ್ಪೈಡರ್’. ಅನಾ ತೆರೇಸಾ ಫರ್ನಾಂಡಿಸ್ ಅವರ ಒಂದು ಚಿತ್ರದಿಂದ ಶುರು. ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದಾಳೆ. ಬಿಳಿ ಚಾದರ ಅವಳನ್ನು ಮುಚ್ಚಿದೆ, ಕೆಲವು ಬೆರಳು ಮತ್ತು ಕಾಲು ಮಾತ್ರ ಕಾಣುತ್ತೆ. ಚಾದರದಿಂದ ಮುಸುಕಿಗೆ, ಮುಸುಕಿನಿಂದ ಹೆಂಗಸರೇ ಇಲ್ಲದ ವಂಶಾವಳಿಗೆ, ಅಲ್ಲಿಂದ ಜೇಡರ ಬಲೆಗೆ ಬರಹ ಸಾಗುತ್ತದೆ. ಬಲೆ ನೇಯುವ ಹಾಗೇ.

ನಮ್ಮ ಮನೆಯಲ್ಲೂ ಒಂದು ವಂಶಾವಳಿ ಇದೆ. ದೊಡ್ಡಪ್ಪ ಚಾರ್ಟ್ ಮೇಲೆ ಬರೆದದ್ದು. ಏಳು ತಲೆಮಾರು, ಎಲ್ಲಾ ಗಂಡಸರೇ. ಬಟ್ಟೆ ಮಡಚುತ್ತಾ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮಾ, ಅಪ್ಪನ ಅಮ್ಮನಿಗೆ ತವರಲ್ಲಿ ಏನು ಹೆಸರು?”

“ಮದುವೇಲಿ ಬದಲಾಯಿಸಿದ್ರಂತೆ ಕಣೆ. ಮೊದಲಿನದು ನಂಗೂ ಗೊತ್ತಿಲ್ಲ. ನಿಮ್ಮ ದೊಡ್ಡತ್ತೇನ ಕೇಳು.”

ದೊಡ್ಡತ್ತೆ ಒಂಬತ್ತಕ್ಕೇ ಮಲಗುತ್ತಾರೆ. ಬೆಳಿಗ್ಗೆ ಮಾಡಬೇಕು.