ಅರ್ಧ ಗಂಟೆ, ಇನ್ನೊಂದು ಅರ್ಧ ಗಂಟೆ

"ನಮಗೂ ಇಷ್ಟೇ ಹೇಳಿರೋದು ಸರ್."

ಮಂಗಳವಾರ ದೆಹಲಿ ವಿಮಾನ ನಿಲ್ದಾಣದ ಗೇಟಿನಲ್ಲಿದ್ದ ಹುಡುಗಿ ಹಿಂದಿಯಲ್ಲಿ ಹೇಳಿದ ಮಾತಿದು. ವಾರವೆಲ್ಲ ಕಿವಿಯಲ್ಲೇ ಕೂತಿದೆ.

ಚಳಿಗಾಲದಲ್ಲಿ ಕಂಪನಿ ಕೆಲಸಕ್ಕೆಂದು ದೆಹಲಿಗೆ ಓಡಾಡುವವರಿಗೆ ಮಂಜು ಹೊಸದಲ್ಲ. ಅಲ್ಲಿ ಕ್ಯಾಟ್-3ಬಿ ವ್ಯವಸ್ಥೆಯಿದೆ, ರನ್‌ವೇಯಲ್ಲಿ 50 ಮೀಟರ್ ಕಂಡರೂ ವಿಮಾನ ಇಳಿಸಬಹುದು. ಆದರೆ ವಿಮಾನವೂ ಅದಕ್ಕೆ ಸಜ್ಜಾಗಿರಬೇಕು, ಪೈಲಟ್‌ಗೂ ತರಬೇತಿ ಆಗಿರಬೇಕು. ಮೇಲೇಳಲು ಅಷ್ಟು ಕಂಡರೂ ಸಾಲದು. ಆದ್ದರಿಂದ ಮಂಜಿನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಬೋರ್ಡಿನ ಮೇಲೆ. 9.10ಕ್ಕೆ ಹೊರಡಬೇಕಿದ್ದ ಬೆಂಗಳೂರು ವಿಮಾನ 9.40 ಆಯಿತು, ಆಮೇಲೆ 10.15, ಆಮೇಲೆ 10.45. ನಮ್ಮನ್ನು ಕರೆದೊಯ್ಯಬೇಕಾದ ವಿಮಾನ ಅಮೃತಸರ ಬಿಟ್ಟೇ ಇಲ್ಲ ಅನ್ನುವುದು ನನ್ನ ಮೊಬೈಲಿನಲ್ಲೇ ಕಾಣುತ್ತಿತ್ತು. ಅಲ್ಲಿಂದ ಹೊರಟು, ಇಲ್ಲಿಗೆ ಬಂದು, ಜನ ಇಳಿದು, ನಾವು ಹತ್ತಬೇಕಾದರೆ ಏನಿಲ್ಲವೆಂದರೂ ಎರಡು ಗಂಟೆ ಬೇಕು. ಬೋರ್ಡು ಮಾತ್ರ ಅರ್ಧ ಗಂಟೆ ಅನ್ನುತ್ತಲೇ ಇತ್ತು.

ಪಕ್ಕದಲ್ಲಿ ತಿಪಟೂರು ಕಡೆಯ ವಯಸ್ಸಾದ ದಂಪತಿ ಇದ್ದರು, ಕಾಶಿ ಮುಗಿಸಿ ವಾಪಸ್ ಹೊರಟವರು. ಯಜಮಾನರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಪೆನ್ನನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದರು. ಪ್ರತಿ ಘೋಷಣೆಗೂ ಅದನ್ನು ತೆಗೆದು ಕೈಯಲ್ಲಿ ಹಿಡಿಯುವುದು, ಮತ್ತೆ ಸುತ್ತಿಡುವುದು. "ಈಗ ಚುಚ್ಕೊಂಡ್ರೆ ಅರ್ಧ ಗಂಟೇಲಿ ಉಣ್ಬೇಕು. ಹತ್ತಿದ್ಮೇಲೆ ಊಟ ಕೊಡ್ತಾರೆ ಅಂದವ್ರೆ. ನೀವೇ ಒಂಚೂರು ಕೇಳಿ ಸಾರ್, ಹೊರಡೋದು ನಿಜವಾ?" ಎಂದು ಅಮ್ಮ ನನ್ನನ್ನು ಕೇಳಿದರು.

ನಾನು ಹೋಗಿ ಕೇಳಿದೆ. ವಿಮಾನ ಅಮೃತಸರದಲ್ಲೇ ಇದೆಯಲ್ಲಮ್ಮ, ಈ 10.45 ಎಲ್ಲಿಂದ ಬಂತು? ಆಕೆ ವಾಕಿಟಾಕಿಯನ್ನು ಎದೆಗೆ ಒತ್ತಿಕೊಂಡು ಒಂದು ಕ್ಷಣ ನನ್ನ ಮೊಬೈಲ್ ನೋಡಿದಳು. ಆಗ ಹೇಳಿದ್ದೇ ಆ ಮಾತು. ಅದರಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತು ದಾಟಿ ಎರಡು ಮೂರು ವರ್ಷವಾಗಿರಬಹುದಾದ ಹುಡುಗಿಯನ್ನು ಇನ್ನೂರು ಜನರೆದುರು ನಿಲ್ಲಿಸಿ, ಪ್ರಯಾಣಿಕನಿಗೆ ಗೊತ್ತಿರುವುದನ್ನೂ ಅವಳಿಗೆ ತಿಳಿಸಿರಲಿಲ್ಲ.

ನನ್ನ ಹಿಂದಿದ್ದ ಕೋಟಿನವನೊಬ್ಬ ಬೆರಳು ತೋರಿಸಿ ಕೂಗುತ್ತಾ, ಅವಳ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡಲು ಶುರು ಮಾಡಿದ. ಇಂಥವರನ್ನು ನಾನು ಒಂದಿಷ್ಟೂ ಸಹಿಸುವುದಿಲ್ಲ. 2024ರ ಜನವರಿಯಲ್ಲಿ ಇದೇ ದೆಹಲಿಯಲ್ಲಿ, ತಡವಾಗುತ್ತದೆ ಎಂದು ಹೇಳುತ್ತಿದ್ದ ಪೈಲಟ್ ಮೇಲೆ ಒಬ್ಬ ಕೈಮಾಡಿದ್ದ. ತಪ್ಪು ಮಾಡಿದವರು ಎಲ್ಲೋ ಇರುತ್ತಾರೆ, ಏಟು ಎದುರಿಗೆ ನಿಂತವರಿಗೆ.

ವಿಮಾನಯಾನದ ನಿಯಂತ್ರಕ ಡಿಜಿಸಿಎ ನಿಯಮವನ್ನು ಇಂಥ ಕಾಯುವಿಕೆಗಳಲ್ಲೇ ಓದಿಕೊಂಡಿದ್ದೇನೆ. ಎರಡೂವರೆಯಿಂದ ಐದು ಗಂಟೆಯ ಹಾರಾಟ 3 ಗಂಟೆ ತಡವಾಗುವಂತಿದ್ದರೆ ತಿಂಡಿ ಕೊಡಬೇಕು. 6 ಗಂಟೆ ಮೀರುವಂತಿದ್ದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ ವಾಪಸ್. ಎರಡೂ ಕಡೆ ಲೆಕ್ಕಕ್ಕೆ ಬರುವುದು ಮುಂಚಿತವಾಗಿ ಹೇಳುವ ಅಂದಾಜು. ಅರ್ಧರ್ಧ ಗಂಟೆಯಾಗಿ ತಳ್ಳುತ್ತಾ ಹೋದರೆ ಆ ಅಂದಾಜು ಆರು ಗಂಟೆ ಮುಟ್ಟುವುದೇ ಇಲ್ಲ. ಬೆಳಿಗ್ಗೆಯೇ "ಮಧ್ಯಾಹ್ನದವರೆಗೆ ಹೊರಡಲ್ಲ" ಅಂದಿದ್ದರೆ ನಾನು ಮೀಟಿಂಗ್ ಮುಂದೂಡುತ್ತಿದ್ದೆ, ಯಜಮಾನರು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಆರು ಗಂಟೆ ಕಾಯುವುದು ಕಷ್ಟವಲ್ಲ. ಅರ್ಧ ಗಂಟೆಯನ್ನು ಹನ್ನೆರಡು ಸಲ ಕಾಯುವುದು ಮನುಷ್ಯನನ್ನು ಹಿಂಡಿಬಿಡುತ್ತದೆ.

ಕೊನೆಗೆ ನಾನೇ ಅವರಿಗೆ ಹೇಳಿದೆ: ಬೋರ್ಡ್ ನೋಡಬೇಡಿ, ಈಗಲೇ ಉಣ್ಣಿ. ಫುಡ್ ಕೋರ್ಟಿನಿಂದ ಇಡ್ಲಿ ತಂದೆ. ಅವರು ಗೋಡೆಯತ್ತ ತಿರುಗಿ ಅಂಗಿ ಎತ್ತಿ ಚುಚ್ಚಿಕೊಂಡರು, ಉಂಡರು. ವಿಮಾನ ಹೊರಟಾಗ ಸಂಜೆ ನಾಲ್ಕು ಗಂಟೆ ಆಗಿತ್ತು.

ನಿನ್ನೆ ಆ ವಿಮಾನ ಸಂಸ್ಥೆಗೆ ಬರೆದೆ. ಹಣ ಕೇಳಿಲ್ಲ. ಬರಬೇಕಾದ ವಿಮಾನ ಎಲ್ಲಿದೆ ಎಂಬುದನ್ನು ಗೇಟಿನ ಸಿಬ್ಬಂದಿಗೆ ತೋರಿಸಿ, ಅದನ್ನು ಜನರಿಗೆ ಹೇಳುವ ಅಧಿಕಾರವನ್ನೂ ಅವರಿಗೆ ಕೊಡಿ ಎಂದು ಕೇಳಿದ್ದೇನೆ. ಆ ಹುಡುಗಿಯ ಮೇಲೆ ದೂರಿಲ್ಲ ಎಂದು ಪ್ರತ್ಯೇಕವಾಗಿ ಬರೆದಿದ್ದೇನೆ.